ಲೈನ್ ಮುಟ್ಟುವ ಮುಂಚೆ ಒಂದು ಫೋನು

ಈಗಿನ ಇಂಟರ್ನೆಟ್ ಕಂಪನಿಗಳ ಮಾತು ಎತ್ತಲೇಬೇಡಿ. ಹಗಲು ಹೊತ್ತಿನಲ್ಲಿ ಹತ್ತು ಸಲ ಲೈನ್ ಹೋದರೂ ಕೇಳುವವರಿಲ್ಲ. ನಾವೇ ಫೋನ್ ಮಾಡಿದರೆ ಹಾಡು ಕೇಳಿಸುತ್ತಾರೆ. ಕೃಷ್ಣರಾಜಪುರದ ನಯಾಜ್ ಹಾಗಿರಲಿಲ್ಲ. ಯಾರ ಮನೆಯ ಲೈನಿಗೆ ಕೈ ಹಾಕಬೇಕಾದರೂ ಮೊದಲು ಆ ಮನೆಗೆ ಫೋನ್ ಮಾಡುತ್ತಿದ್ದ. "ಸಾರ್, ನಯಾಜ್ ಮಾತಾಡ್ತಿರೋದು. ನಿಮ್ ಲೈನ್ ಮುಟ್ತಾ ಇದ್ದೀನಿ, ಐದ್ ನಿಮಿಷ ಬೇಜಾರ್ ಮಾಡ್ಕೋಬೇಡಿ." ಆ ಐದು ನಿಮಿಷ ಅರ್ಧ ಗಂಟೆಯಾದದ್ದೂ ಉಂಟು, ಆ ಮಾತು ಬೇರೆ. ಫೋನ್ ಮಾತ್ರ ತಪ್ಪುತ್ತಿರಲಿಲ್ಲ. ಬಡಾವಣೆಯಲ್ಲಿ ಅವನಿಗೆ ಐದು ನಿಮಿಷದ ನಯಾಜ್ ಎಂದೇ ಹೆಸರು ಬಿದ್ದಿತ್ತು.

ಹುಟ್ಟಿದ್ದು ಶಿವಾಜಿನಗರದಲ್ಲಿ. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿಯ ತಂತಿ ಎಳೆಯುತ್ತ ಹಳೇ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಬಂದವನು, ಕೃಷ್ಣರಾಜಪುರದ ಮಾರ್ಕೆಟ್ಟಿನ ಹಿಂದೆ ಒಂದು ಕೋಣೆ ಹಿಡಿದ. ಎರಡು ಸಾವಿರದ ಐದರಲ್ಲಿ ಒಂದು ಸಣ್ಣ ಲೈಸೆನ್ಸ್ ಮಾಡಿಸಿಕೊಂಡು ತಂತಿಯಿಲ್ಲದ ಇಂಟರ್ನೆಟ್ ಕೊಡಲು ಶುರು ಮಾಡಿದ. ಅದಕ್ಕೆ ಎತ್ತರದ ಕಂಬ ಬೇಕು, ಕಂಬಕ್ಕೆ ಯಾರದಾದರೂ ತಾರಸಿ ಬೇಕು. ವಿಮಾ ನೌಕರರ ಬಡಾವಣೆಯಲ್ಲಿ ಮನೆಮನೆ ತಿರುಗಿದ. ಅವನ ಹೆಸರು ಕೇಳಿದ ಕೂಡಲೇ ಕೆಲವರಿಗೆ ತಮ್ಮ ತಾರಸಿ ಸೋರುವುದು ನೆನಪಾಗುತ್ತಿತ್ತು. ಒಪ್ಪಿದವರು ಅಮ್ಮಣ್ಣಿ ಒಬ್ಬರೇ.

ಅಮ್ಮಣ್ಣಿ ವಿಮಾ ಕಚೇರಿಯಿಂದ ನಿವೃತ್ತರಾದವರು. ಬಾಯಿ ಜೋರು, ಮನಸ್ಸು ದೊಡ್ಡದು. "ಕಂಬ ತಾನೇ? ನಿಲ್ಸು. ನನ್ ತುಳಸಿ ಕುಂಡಕ್ಕೆ ನೆರಳು ಬೀಳ್ಬಾರ್ದು, ಅಷ್ಟೇ" ಎಂದರು. ಆ ಕಂಬದಿಂದಲೇ ನಯಾಜ್ ಇಡೀ ಬಡಾವಣೆಗೆ ಲೈನ್ ಕೊಟ್ಟ. ಆ ಕಂಬ ಇಲ್ಲದಿದ್ದರೆ ಅವನ ಮನೆಯ ಒಲೆ ಉರಿಯುತ್ತಿರಲಿಲ್ಲ ಎಂದರೂ ಸರಿಯೇ. ಅಮ್ಮಣ್ಣಿಯವರ ಮನೆಗೂ ಲೈನ್ ಬಂತು. ಅವರದೋ ಬಾಗಿಲು ಹಾಕದ ಮನೆ. ಸತ್ತ ಗಂಡನ ಪಾಲಿಸಿ ಹಣ ಬರಲಿಲ್ಲವೆಂದು ಬಂದವಳು, ಪಿಂಚಣಿ ನಿಂತಿದೆಯೆಂದು ಬಂದವನು, ಅವರ ಜೊತೆಗೆ ಬಂದವರು, ಎಲ್ಲರೂ ಹಾಲ್‌ನಲ್ಲಿದ್ದ ಕಂಪ್ಯೂಟರಿನ ಮುಂದೆ ಕೂರುವವರೇ. ಯಾರು ನೀನು, ಏನು ಕಳಿಸುತ್ತಿದ್ದೀಯ ಎಂದು ಅಮ್ಮಣ್ಣಿ ಕೇಳಿದವರಲ್ಲ.

ಎರಡು ಸಾವಿರದ ಎಂಟರಲ್ಲಿ ಒಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ರಾಮಾಂಜಿನಪ್ಪ ನಯಾಜನ ಕೋಣೆಗೆ ಬಂದರು. ಕೈಯಲ್ಲಿ ಗೃಹ ಇಲಾಖೆಯ ಆಜ್ಞೆ. ಒಂದು ಲೈನಿನಲ್ಲಿ ಹೋಗುವ ಬರುವ ಎಲ್ಲದರ ನಕಲೂ ಪೊಲೀಸರ ಯಂತ್ರಕ್ಕೆ ಸೇರಬೇಕು. ಇಂಥ ಆಜ್ಞೆ ಬಂದರೆ ನಡೆಸಿಕೊಡಬೇಕೆಂದು ಲೈಸೆನ್ಸಿನಲ್ಲೇ ಷರತ್ತಿತ್ತು. ಅದೆಲ್ಲ ದೊಡ್ಡ ಕಂಪನಿಗಳ ತಲೆನೋವು ಎಂದುಕೊಂಡು ನಯಾಜ್ ಅವತ್ತು ಸಹಿ ಹಾಕಿದ್ದ. ಈಗ ಆಜ್ಞೆಯಲ್ಲಿದ್ದ ಹೆಸರನ್ನು ಎರಡು ಸಲ ಓದಿದ. ಅಮ್ಮಣ್ಣಿ!

"ಸಾರ್, ಇವ್ರು ಅಂಥವ್ರಲ್ಲ ಸಾರ್."

"ನಾನೆಲ್ರೀ ಅಂಥವ್ರು ಅಂದೆ? ಆ ಲೈನಿಂದ ಏನೋ ಹೋಗಿದೆ, ನೋಡ್ಬೇಕು. ನೋಡಿ ನಯಾಜ್, ಆಯಮ್ಮಂಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ನಿಮ್ಮಿಂದಾನೇ ಗೊತ್ತಾಗಿದ್ದು ಅಂತ ಬರ್ಕೋತೀವಿ."

ಬಾಯಿ ಬಿಟ್ಟರೆ ಲೈಸೆನ್ಸ್ ಹೋಗುತ್ತದೆ, ತಾನೂ ಒಳಗೆ ಹೋಗಬೇಕಾಗುತ್ತದೆ. ತನ್ನಂಥ ಹೆಸರಿನವನು ಒಳಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ ಎಂದು ಶಿವಾಜಿನಗರದಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಯಿ ಬಿಡದಿದ್ದರೆ, ತಾರಸಿ ಕೊಟ್ಟವರಿಗೇ ಬೆನ್ನ ಹಿಂದೆ ದ್ರೋಹ. ಮಧ್ಯಾಹ್ನ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ. "ಕ್ಯಾ ಹುವಾ ಜೀ? ಖಾನಾ ನಕ್ಕೋ ಕ್ಯಾ?" ಏನಾಯ್ತು, ಊಟ ಬೇಡವೇ ಎಂದು ಹೆಂಡತಿ ಮಜೀದಾ ಕೇಳಿದಳು. ಅವಳಿಗೂ ಹೇಳುವಂತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಎದ್ದ.

ಕೋಣೆಗೆ ಹೋಗಿ ಕೆಲಸಕ್ಕೆ ಕೂತ. ನಕಲು ಕೊಡುವ ಜೋಡಣೆ ಮಾಡಲು ಲೈನ್ ಸ್ವಲ್ಪ ಹೊತ್ತು ಕಡಿಯಲೇಬೇಕು. ಅಭ್ಯಾಸಬಲ, ಕೈ ತಾನಾಗಿಯೇ ಫೋನ್ ಎತ್ತಿ ಅಮ್ಮಣ್ಣಿಯವರ ನಂಬರ್ ಒತ್ತತೊಡಗಿತು. ಸುಳ್ಳು ಕಾರಣ ಹೇಳಿಬಿಡಲೇ ಎಂದುಕೊಂಡ. ಅವರ ದನಿ ಕೇಳಿ ಸುಳ್ಳು ಹೇಳುವುದು ತನ್ನ ಕೈಲಾಗದು ಎಂದು ಅವನಿಗೇ ಗೊತ್ತಿತ್ತು. ಫೋನ್ ಕೆಳಗಿಟ್ಟ. ಲೈನ್ ಕಡಿದ, ಜೋಡಿಸಿದ.

ಲೈನ್ ಹೋದರೆ ಅಮ್ಮಣ್ಣಿ ಸುಮ್ಮನಿರುವವರಲ್ಲ. "ಏನಯ್ಯಾ, ಸತ್ತೋಯ್ತಾ ನಿನ್ ಕಂಬ?" ಎಂದು ಫೋನ್ ಬಂದೇ ಬರಬೇಕು. ನಯಾಜ್ ಕಾದ. ಫೋನ್ ಬರಲಿಲ್ಲ. ಸದ್ಯ, ಗಮನಿಸಿಲ್ಲ ಎಂದು ಉಸಿರುಬಿಟ್ಟ.

ಕೆಲವು ವಾರ ಕಳೆದ ಮೇಲೆ ರಾಮಾಂಜಿನಪ್ಪ ಬಂದು ಆ ಜೋಡಣೆ ತೆಗೆಯಲು ಹೇಳಿದರು. "ಆಯಮ್ಮಂದು ಏನೂ ಇಲ್ಲ ಕಣ್ರೀ. ಯಾವನೋ ಬಂದು ಕೂತು ಒಂದು ಬೆದರಿಕೆ ಮೇಲ್ ಕಳಿಸಿದ್ದ. ಸಿಕ್ಕಿದ. ಆದ್ರೂ ನೀವು ಬಾಯಿ ಬಿಡೋ ಹಾಗಿಲ್ಲ."

ನಯಾಜ್ ಎಲ್ಲ ಬಿಚ್ಚಿ, ಕಂಬ ನೋಡುವ ನೆಪದಲ್ಲಿ ಅಮ್ಮಣ್ಣಿಯವರ ಮನೆಗೆ ಹೋದ. ಬಾಗಿಲು ಹಾಕಿತ್ತು. ಕರೆಗಂಟೆ ಒತ್ತಿದ ಮೇಲೆ ತೆಗೆದರು. ಹಾಲ್‌ನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಂಪ್ಯೂಟರಿಗೆ ಹಳೇ ಸೀರೆ ಹೊದಿಸಿದ್ದರು. ಕಾಫಿ ತಂದುಕೊಟ್ಟು ಎದುರಿಗೆ ಕೂತರು.

"ಅವತ್ತು ಮಧ್ಯಾಹ್ನ ಲೈನ್ ಹೋಯ್ತು. ಕರೆಂಟ್ ಇತ್ತು. ನಿನ್ ಫೋನ್ ಬರ್ಲಿಲ್ಲ."

ನಯಾಜ್ ಕಾಫಿ ಲೋಟ ಕೆಳಗಿಟ್ಟ.

"ಅದಕ್ಕೇ ನಾನೂ ಮಾಡ್ಲಿಲ್ಲ. ನಯಾಜ್ ಫೋನ್ ಮಾಡ್ಲಿಲ್ಲ ಅಂದ್ರೆ ಮಾಡೋ ಹಾಗಿಲ್ಲ ಅಂತ ತಾನೇ? ಯಾರೋ ಮೇಲಿನವ್ರು ನನ್ ಲೈನ್ ನೋಡ್ತಿದ್ದಾರೆ ಅಂತ ಗೊತ್ತಾಯ್ತು. ನಿಜ ಹೇಳ್ತೀನಿ, ಹೊಟ್ಟೆ ಉರೀತು ಕಣಪ್ಪಾ. ಬಂದವ್ರನ್ನೆಲ್ಲ ಬಾಗ್ಲಲ್ಲೇ ವಾಪಸ್ ಕಳ್ಸಿದೆ. ಯಾರ್ ಮೇಲೆ ಅನುಮಾನ ಪಡ್ಲಿ?"

"ಅಮ್ಮಾ, ನಾನು..."

"ಹೇಳ್ಬೇಡ. ಹೇಳಿದ್ರೆ ನಿನ್ ತಲೆಗೇ ಬರುತ್ತೆ. ಕಂಬ ಇರ್ಲಿ, ಅದ್ರ ಯೋಚ್ನೆ ಬಿಡು. ಆದ್ರೆ ಇನ್ಮೇಲೆ ಲೈನ್ ಮುಟ್ಟುವಾಗ ನಂಗೆ ಫೋನ್ ಮಾಡ್ಬೇಡ. ಯಾರ್ಗೂ ಮಾಡ್ಬೇಡ."

"ಯಾಕಮ್ಮಾ?"

"ಪ್ರತಿ ಸಲ ಮಾಡ್ತಿದ್ರೆ, ಮಾಡ್ದೇ ಇರೋ ದಿನ ಗೊತ್ತಾಗ್ಬಿಡುತ್ತೆ. ನಂಗೆ ಗೊತ್ತಾಗ್ಲಿಲ್ವಾ? ಎಲ್ರೂ ನನ್ ಹಾಗೆ ಸುಮ್ನಿರಲ್ಲ. ನೀನು ಹೆಂಡ್ತಿ ಇರೋನು."

ನಯಾಜ್ ಲೋಟ ಎತ್ತಿಕೊಂಡ. ಕಾಫಿ ಕುಡಿಯದೆ ಎದ್ದರೆ ಬೈಯುತ್ತಾರೆಂದು ಕುಡಿದು ಎದ್ದ.

ಅಂದಿನಿಂದ ಅವನು ಯಾರಿಗೂ ಫೋನ್ ಮಾಡಲಿಲ್ಲ. ನಾಲ್ಕು ದುಡ್ಡು ಕಂಡ ನಯಾಜನಿಗೂ ಕೊಬ್ಬು ಬಂತು, ಅವನೂ ದೊಡ್ಡ ಕಂಪನಿಯವರ ಹಾಗೇ ಆದ ಎಂದು ಬಡಾವಣೆಯವರು ಆಡಿಕೊಂಡರು. ಅವನು ನಕ್ಕುಬಿಡುತ್ತಿದ್ದ. ಅಮ್ಮಣ್ಣಿಯವರ ಮನೆಯ ಬಾಗಿಲು ನಿಧಾನವಾಗಿ ಮತ್ತೆ ತೆರೆಯಿತು, ಜನ ಬಂದರು. ಆದರೆ ಲೈನ್ ಹೋದಾಗಲೆಲ್ಲ ಅಮ್ಮಣ್ಣಿ ಮಾತು ನಿಲ್ಲಿಸಿ ಒಂದು ಸಲ ಫೋನಿನ ಕಡೆ ನೋಡುತ್ತಿದ್ದರು.