ಲಾಳಿ ಹಿಡಿದು ಇಂಗ್ಲಿಷ್ ಕಲಿಸಿದ ಅಕ್ಕಾರಿಗೆ

ಲಲಿತಾ ಅಕ್ಕಾರ, ಆರು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ ನಿಮಗೆ ಫೋನ್ ಮಾಡಿ ‘ನಮ್ಮ ಶಾಲಿಗೆ ಬರಬ್ಯಾಡ್ರಿ’ ಅಂದವರು ಲಕ್ಷ್ಮೇಶ್ವರದ ಹೆಡ್ಮಾಸ್ತರರಲ್ಲ. ನಾನು. ನಿಮ್ಮ ಟ್ಯೂಶನ್ನಿನ ಮಂಗ್ಯಾ, ಬಸು.

ಇದನ್ನು ನಾಲ್ಕು ಜನ ಓದಲಿ ಅಂತಲೇ ಬರೆಯುತ್ತಿದ್ದೇನೆ. ನಿಮಗೆ ಪಾಠ ಮಾಡಲು ಬರಲಿಲ್ಲ ಅಂತ ಬೆಟಗೇರಿಯ ನಮ್ಮ ಓಣಿಯೆಲ್ಲ ನಂಬಿತು — ಆ ಓಣಿಗೂ ಗೊತ್ತಾಗಬೇಕು.

ಕಂಡವರ ದನಿಗಳೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿರುತ್ತವೆ. ಬಸ್ ಕಂಡಕ್ಟರು, ಗುಡಿಯ ಮೈಕಿನ ಮುದುಕರು, ನಮ್ಮಪ್ಪ. ನಾನು ಅಪ್ಪನ ಹಾಗೆ ಕೆಮ್ಮಿದರೆ ಅವ್ವ ಅಡುಗೆಮನೆಯಿಂದ ನೀರಿನ ತಂಬಿಗೆ ತರುತ್ತಿದ್ದಳು. ನನ್ನ ಮುಖ ಕಂಡದ್ದೇ ಅದೇ ನೀರನ್ನು ನನ್ನ ಮೇಲೆ ಸುರಿಯುತ್ತಿದ್ದಳು. ನಿನ್ನ ದನಿ ಯಾವುದಪ್ಪಾ ಅಂತ ಯಾರಾದರೂ ಕೇಳಿದರೆ ಮಾತ್ರ — ಹುಡುಕಬೇಕು.

ಸಂಜೆ ನಾಲ್ಕಕ್ಕೆ ನಿಮ್ಮ ಮಗ್ಗದ ಕೋಣೆಯಲ್ಲಿ ನಾವು ಪಿಯುಸಿಯ ಎಂಟು ಜನ. ಎಲ್ಲರೂ ‘ಐ ಕಮ್ ಆಲ್ವೇಸ್’ ಅಂತ ಬರೆಯುವವರೇ. ನೀವು ಗೈಡು ತೆಗೆಯಲಿಲ್ಲ, ಮಗ್ಗದಿಂದ ಏಳಲೂ ಇಲ್ಲ. ಕಾಲಿನಿಂದ ತುಳಿದಿರಿ. ಒಂದು ಸಾಲು ಎಳೆ ಮೇಲೆದ್ದಿತು, ಇನ್ನೊಂದು ಕೆಳಗಿಳಿಯಿತು, ನಡುವೆ ಅಡ್ಡನೂಲಿನ ಲಾಳಿ ಹಾಯುವ ದಾರಿ ತೆರೆಯಿತು.

“ಮ್ಯಾಲಿನ ಎಳಿ ‘ಐ’. ಕೆಳಗಿನ ಎಳಿ ‘ಕಮ್’. ಈ ಲಾಳಿ ‘ಆಲ್ವೇಸ್’. ಎಲ್ಲಿ ಹೋಗತೈತಿ ಹೇಳ್ರಿ?”

“ನಡುವ ರೀ!”

“ಮತ್ತ ಮನ್ಯಾಗ ಏನಂತೀರಿ? ‘ನಾ ಯಾವಾಗ್ಲೂ ಬರ್ತೀನಿ’ ಅಂತೀರಿಲ್ಲೋ? ನಮ್ಮ ಮಾತಿನ್ಯಾಗೂ ಅದು ನಡುವನ ಕುಂಡ್ರತೈತಿ. ಇಂಗ್ಲಿಷ್ ಅಂದಕೂಡ್ಲೆ ಹೆದರಿ ಅದನ್ನ ಹೊರಗ ದೂಡ್ತೀರಿ.”

ಐ — ಲಾಳಿ ಸರ್ರನೆ ಹಾಯುವುದು — ಆಲ್ವೇಸ್ — ಕಮ್. ಆಮೇಲೆ ನೆವರ್, ಆಫನ್, ಯೂಸುವಲಿ. ಲಾಳಿ ಬಿಡುವ ಮುನ್ನ ನೀವು ಸಣ್ಣದೊಂದು ಉಸಿರು ಎಳೆದುಕೊಳ್ಳುತ್ತಿದ್ದಿರಿ. ನಾನು ಅದನ್ನೂ ನಕಲು ಮಾಡಿದೆ. “ಲೇ ಮಂಗ್ಯಾ, ನನ್ನ ಉಸರರ ನನಗ ಬಿಡೋ!” ಅಂತ ನಕ್ಕಿರಿ. ಆ ನಗುವಿಗಾಗಿಯೇ ನಾನು ದಿನಾ ಅರ್ಧ ತಾಸು ಮೊದಲು ಬಂದು ಕೂಡುತ್ತಿದ್ದೆ. ಆಲ್ವೇಸ್.

ಲಕ್ಷ್ಮೇಶ್ವರದ ಒಂದು ಶಾಲೆಯವರು ಟೀಚರ್ ಕೆಲಸಕ್ಕೆ ಒಮ್ಮೆ ಪಾಠ ಮಾಡಿ ತೋರಿಸಿರಿ ಅಂತ ಕರೆದಾಗ ಜೊತೆಗೆ ಬಂದವನು ನಾನು. ನಿಮ್ಮ ಚೀಲದಲ್ಲಿ ಲಾಳಿ. ಇಬ್ಬರು ಹುಡುಗಿಯರ ಕೈಗೆ ಎರಡು ದಾರ ಹಿಡಿಸಿ, ನಡುವೆ ಲಾಳಿ ಹಾಯಿಸಿದಿರಿ; ಇಡೀ ಕ್ಲಾಸು ‘ಐ ಆಲ್ವೇಸ್ ಕಮ್’ ಅಂತ ಕೂಗಿ ಹೇಳಿತು. ಹೆಡ್ಮಾಸ್ತರರು ಗಂಟಲು ಕೆರೆದುಕೊಂಡು, “ಛಲೋ ಆತು ಬಾಯಾರ. ಸೋಮವಾರ ಬಂದುಬಿಡ್ರಿ, ತಿಳೀತಲ್ಲ?” ಅಂದರು. ಅವರ ಮಾತಿಗೆಲ್ಲ ಬಾಲ ಅದೇ — ತಿಳೀತಲ್ಲ? ಹಿಂದಿನ ಬೆಂಚಿನಲ್ಲಿ ಕೂತು ನಾನು ಅದನ್ನು ಗಂಟಲಿಗೆ ಇಳಿಸಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ನೀವು ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ನೂಲನ್ನು ಬಿಚ್ಚಿ ಸುತ್ತುತ್ತಿದ್ದಿರಿ. ಆಮೇಲೆ, “ಇನ್ನ ಅಲ್ಲೇ ಒಂದ್ ಮನಿ ನೋಡಬೇಕು ಬಸು” ಅಂದಿರಿ. ಅಂದರೆ ಆ ಸಂಜೆಗಳು, ಆ ಕೋಣೆ, ಆ ಉಸಿರು — ಎಲ್ಲ ಮುಗಿಯಿತು ಅಂತ. ನನ್ನೊಳಗೆ ಏನೋ ಆಯಿತು. ಅದಕ್ಕೆ ಹೆಸರಿಡಲು ಅಂದು ಬರಲಿಲ್ಲ, ಇಂದೂ —

ಶನಿವಾರ ಗೆಳೆಯನ ಮೊಬೈಲಿನಿಂದ ಫೋನ್ ಮಾಡಿದೆ. ಸುತ್ತ ನಾಲ್ವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. “ಬಾಯಾರ, ಸೋಮವಾರ ಬರಬ್ಯಾಡ್ರಿ. ನಮ್ಮ ಶಾಲಿಗೆ ಬ್ಯಾರೇದವರನ್ನ ತಗೊಂಡೇವಿ, ತಿಳೀತಲ್ಲ?” ಅಲ್ಲಿಗೇ ನಕ್ಕುಬಿಡಬೇಕೆಂದಿದ್ದೆ. ಆದರೆ ನೀವು ಮೆಲ್ಲಗೆ ಕೇಳಿದಿರಿ — “ಪಾಠ ಸರಿ ಆಗಲಿಲ್ಲೇನ್ರಿ ಸರ್?”

ನಕಲು ಮಾಡುವವನಿಗೆ ಒಂದು ರೋಗವಿರುತ್ತದೆ. ಎದುರಿನವರು ನಂಬಿದರೆಂದರೆ ನಿಲ್ಲಿಸಲಾಗುವುದಿಲ್ಲ. ನಾನು ಅಂದೆ: “ಇದು ಶಾಲಿ ರೀ, ಮಗ್ಗದ ಕೋಣಿ ಅಲ್ಲ. ಲಾಳಿ ಹಿಡದು ಯಾರರ ಇಂಗ್ಲಿಷ್ ಕಲಸ್ತಾರೇನು?”

“ಆತ್ರಿ ಸರ್,” ಅಂದಿರಿ. ಗೆಳೆಯರು ಚಪ್ಪಾಳೆ ಹೊಡೆದರು.

ನಾಲ್ಕಕ್ಕೆ ಖರೆ ಹೇಳಬೇಕೆಂದೇ ಬಂದೆ. ನೀವು ಮಗ್ಗದಲ್ಲಿರಲಿಲ್ಲ, ಚಾಪೆಯ ಮೇಲೆ ಗೈಡು ಹಿಡಿದು ಕೂತಿದ್ದಿರಿ. “ಬರಕೋರಿ. ಅಡ್ವರ್ಬ್ ಪ್ರೊನೌನಿಗೂ ವರ್ಬಿಗೂ ನಡುವ ಬರತೈತಿ. ಹತ್ತ ಸಲ ಬರೀರಿ.” ಲಾಳಿ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು.

“ಅಕ್ಕಾರ, ಲಾಳಿ?” ಅಂದೆ.

“ಅದು ನೇಯಾಕ ಅಷ್ಟ ಪಾ.”

ಆಗಲೇ ಹೇಳಬಹುದಿತ್ತು. ಭಾನುವಾರವೂ ಹೇಳಬಹುದಿತ್ತು, ಸೋಮವಾರದ ಮೊದಲ ಬಸ್ಸು ಇನ್ನೂ ಬಿಟ್ಟಿರಲಿಲ್ಲ. ಹೇಳಲಿಲ್ಲ. ಹೆದರಿಕೆ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ನೀವು ಹೋಗುವುದಿಲ್ಲ ಅಂತ ನನಗೆ ಖುಷಿಯಾಗಿತ್ತು, ಅಕ್ಕಾರ. ತಪ್ಪೊಪ್ಪಿಗೆ ಅಂತ ಇದ್ದರೆ ಇದೇ — ಫೋನು ಅದರ ಮೇಲಿನ ಸಿಪ್ಪೆ ಮಾತ್ರ.

ನೀವು ಉಳಿದಿರಿ, ಆದರೆ ನಾನು ಉಳಿಸಿಕೊಳ್ಳಬೇಕೆಂದಿದ್ದ ಅಕ್ಕಾರು ಆ ಚಾಪೆಯ ಮೇಲಿರಲಿಲ್ಲ. ಹತ್ತು ಸಲ ಬರೆಯುವುದಕ್ಕೆ ಬೇಸತ್ತು ಹುಡುಗರು ಒಬ್ಬೊಬ್ಬರಾಗಿ ಬಿಟ್ಟರು. ವರ್ಷ ತುಂಬುವ ಮೊದಲೇ ಟ್ಯೂಶನ್ ಮುಚ್ಚಿ ನೀವು ಮುಂಡರಗಿಗೆ, ತಮ್ಮನ ಬಟ್ಟೆ ಅಂಗಡಿಗೆ ಹೋದಿರಿ.

ಈಗ ನಾನು ಗದಗಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ, ಮದುವೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಎಲ್ಲರ ದನಿಯನ್ನೂ ತೆಗೆಯುತ್ತೇನೆ, ನಿಮ್ಮದೊಂದನ್ನು ಬಿಟ್ಟು. ಅಂಗಡಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಒಮ್ಮೊಮ್ಮೆ, ‘ಐ’ ಅಂದು ಆ ಸಣ್ಣ ಉಸಿರು ಎಳೆದುಕೊಳ್ಳುತ್ತೇನೆ. ಅದರಾಚೆ ಗಂಟಲು ಹೋಗುವುದಿಲ್ಲ.

ಹೋದ ತಿಂಗಳು ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿ ಆ ಹೆಡ್ಮಾಸ್ತರರು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಊರು ಕೇಳಿದರು, ಹೇಳಿದೆ.

“ಬೆಟಗೇರಿಯವರೇನು? ನಿಮ್ಮೂರಿಂದ ಒಬ್ಬ ಬಾಯಾರು ಬಂದಿದ್ರು. ಲಾಳಿ ಹಿಡದು ಇಂಗ್ಲಿಷ್ ಕಲಿಸಿದ್ರು ನೋಡ್ರಿ! ಅಂಥಾ ಪಾಠ ನಾ ಮತ್ತ ನೋಡಲಿಲ್ಲ. ಒಂದ್ ವಾರ ದಾರಿ ಕಾದ್ವಿ, ಬರಲೇ ಇಲ್ಲ. ಮನಸಿಲ್ಲದವರನ್ನ ಮತ್ತ ಹ್ಯಾಂಗ ಕರೀಬೇಕು, ತಿಳೀತಲ್ಲ?”

ನಾನು ಎಲೆ ಮಡಚಿ ಎದ್ದೆ.

ಈ ಭಾನುವಾರ ಬೆಳಿಗ್ಗೆ ಮುಂಡರಗಿಗೆ ಬರುತ್ತೇನೆ. ಟ್ಯೂಶನ್ ಮುಚ್ಚಿದ ದಿನ ನಿಮ್ಮ ಕಿಟಕಿಯಿಂದ ಲಾಳಿಯನ್ನು ಎತ್ತಿಕೊಂಡು ಹೋದವನೂ ನಾನೇ, ಅದನ್ನು ತರುತ್ತೇನೆ. ನೀವು ಅಂಗಡಿಯ ಮೆಟ್ಟಿಲಿಂದಲೇ ನನ್ನನ್ನು ಅಟ್ಟಬಹುದು, ಅದು ನಿಮ್ಮ ಇಷ್ಟ. ಅಟ್ಟುವ ಮೊದಲು ಹೆಡ್ಮಾಸ್ತರರು ಆಡಿದ ಮಾತನ್ನು ಒಂದಕ್ಷರ ಬಿಡದೆ ನಿಮಗೆ ಒಪ್ಪಿಸಬೇಕು. ಅವರ ದನಿಯಲ್ಲಲ್ಲ. ನನ್ನ ದನಿಯಲ್ಲಿ — ಅದು ಹೇಗೆ ಹೊರಟರೂ ಸರಿ.