ಅವ್ವನ ರವಿಕೆಯ ತೋಳು

ನಮ್ಮಪ್ಪ ಕುಡಿತ ಬಿಟ್ಟಿದ್ದು ನಿಜ. ದೇವರೇ ಬಿಡಿಸಿದ್ದು ಎಂದು ಇವತ್ತಿಗೂ ನಂಬುತ್ತೇನೆ, ಯಾಕೆಂದರೆ ಅದು ಮನುಷ್ಯರ ಕೈಲಿ ಆಗುವ ಕೆಲಸವಾಗಿರಲಿಲ್ಲ. ನನ್ನ ಜಗಳವೇನಿದ್ದರೂ ಆಮೇಲೆ ನಡೆದದ್ದರ ಜೊತೆ.

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಹೊಗೆಸೊಪ್ಪಿನ ಕಾಲದಲ್ಲಿ ಅಪ್ಪ ಬೇರೆಯವರ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಮನೆಗೆ, ಬೆಂಕಿ ಹಾಕುತ್ತಿದ್ದ. ಅವ್ವ ಅಲ್ಲೇ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಒಂದು ಮಧ್ಯಾಹ್ನ ಅಪ್ಪ ಕುಡಿದು ಒಲೆಯ ಮುಂದೆಯೇ ಬಿದ್ದಿದ್ದ. ಬೆಂಕಿ ಇಳಿದು ಸೊಪ್ಪು ಕೆಟ್ಟರೆ ಮಾಲೀಕ ಸುಮ್ಮನಿರುವವನಲ್ಲ. "ಬೆಂಕಿ ಆರ್ತಾ ಅದೆ, ಏಳಿ" ಎಂದು ಅವ್ವ ಅವನ ಭುಜ ಅಲುಗಿಸಿದಳು. ಅಪ್ಪ ಎದ್ದವನೇ ಒಲೆಯಿಂದ ಕೊಳ್ಳಿ ಎಳೆದು ಅವಳ ಬಲಗೈಗೆ, ಮೊಣಕೈಯ ಪಕ್ಕಕ್ಕೆ ಇಟ್ಟ. ಆಗ ನನಗೆ ಎಂಟು ವರ್ಷ. ಎಲ್ಲವನ್ನೂ ನೋಡಿದೆ.

ಮುಂದಿನ ವರ್ಷ ಅಪ್ಪನಿಗೆ ಕಾಮಾಲೆ ಬಂತು. ಪಕ್ಕದ ಮನೆಯವರು ತಗಡು ಹೊದಿಸಿದ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೊಣಕಾಲೂರಿ ಅತ್ತವನು ಮತ್ತೆ ಲೋಟ ಮುಟ್ಟಲಿಲ್ಲ. ಅವನ ಹಿಂದೆ ನಾವೂ ಹೋದೆವು.

ಆ ಮಂದಿರದಲ್ಲಿ ಭಾನುವಾರ ಹಾಡುಗಳಾದ ಮೇಲೆ ಸಾಕ್ಷಿ ಹೇಳುವ ಪದ್ಧತಿ. ದೇವರು ಯಾವ ಕೇಡಿನಿಂದ ಬಿಡಿಸಿದ ಎಂದು ಎದ್ದು ನಿಂತು ಹೇಳಬೇಕು. ಜ್ವರ ಬಿಟ್ಟಿದ್ದು, ಕಳೆದ ಹಸು ಸಿಕ್ಕಿದ್ದು, ವೀರನಹೊಸಹಳ್ಳಿ ಹತ್ತಿರ ಎದುರಾದ ಆನೆ ಹಿಂದಕ್ಕೆ ತಿರುಗಿದ್ದು, ಎಲ್ಲವೂ ಸಾಕ್ಷಿಯೇ. ಅಪ್ಪನ ಸಾಕ್ಷಿಯ ಮುಂದೆ ಆ ಆನೆಯೂ ಸಪ್ಪೆ. "ಅದು ನಾನಲ್ಲ ಕಣ್ರಪ್ಪಾ, ನನ್ನೊಳಗೆ ಕುಂತಿದ್ದ ಸೈತಾನ! ಅವ್ನು ನನ್ನೆಂಡ್ತಿ ಕೈ ಸುಟ್ಟ. ಕರ್ತ ನನ್ನ ಬುಡಿಸ್ದ" ಎಂದು ಗಳಗಳ ಅಳುತ್ತಿದ್ದ. ಆಮೇಲೆ ಹೆಂಗಸರ ಕಡೆ ತಿರುಗಿ, "ಎತ್ತಿ ತೋರ್ಸಮ್ಮಿ" ಎನ್ನುತ್ತಿದ್ದ. ಅವ್ವ ರವಿಕೆಯ ತೋಳು ಸರಿಸಿ ಕೈಯೆತ್ತುತ್ತಿದ್ದಳು. ಸಭೆಯೆಲ್ಲ ಒಂದೇ ದನಿಯಲ್ಲಿ "ಸ್ತೋತ್ರ!" ಎನ್ನುತ್ತಿತ್ತು. ವಾರ ವಾರವೂ ಇದೇ.

ಒಂದು ಭಾನುವಾರ ಮನೆಗೆ ಬಂದು ಮುದ್ದೆ ತೊಳಸುತ್ತಾ ಅವ್ವ ಹೇಳಿದಳು: "ಸೈತಾನ ಅಂತೆ ಸೈತಾನ. ಅವನ ಮೈಲೂ ನಿಮ್ಮಪ್ಪನ ಬೀಡಿ ವಾಸ್ನೆನೇ ಬತ್ತಿತ್ತು." ನಾನು ನಕ್ಕೆ. ಅವಳು ನಗಲಿಲ್ಲ. "ದೇವ್ರತ್ರ ತಪ್ಪಾಯ್ತು ಅಂದ್ರಲ್ಲ, ನನ್ನತ್ರನೂ ಒಂದ್ಸಲ ಅನ್ಲಿ ಕಣ್ ಮಗ. ಇನ್ನೇನೂ ಬ್ಯಾಡ ನಂಗೆ."

ನನಗೆ ಹನ್ನೆರಡು ವರ್ಷವಾದಾಗ ಅವ್ವ ಮೊಣಕೈಯ ಕೆಳಗೂ ಬರುವಂಥ ಬಿಗಿ ತೋಳಿನ ರವಿಕೆ ಹೊಲಿಸಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ಅದನ್ನು ಮೊದಲ ಸಲ ತೊಟ್ಟ ಭಾನುವಾರ ಮೈಸೂರಿನಿಂದ ಅತಿಥಿಗಳು ಬಂದಿದ್ದರು. ಅಪ್ಪ ಎಂದಿನಂತೆ ಅತ್ತು, ಎಂದಿನಂತೆ ತಿರುಗಿ ಕರೆದ. ಅವ್ವ ತಲೆ ತಗ್ಗಿಸಿ ಕೂತೇ ಇದ್ದಳು. ಅಪ್ಪ ಇನ್ನೊಂದು ಸಲ ಕರೆದ. ಪಾಸ್ಟರು "ದೇವರ ಮಹಿಮೆಗೋಸ್ಕರ, ಅಮ್ಮ" ಎಂದರು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಇಡೀ ಸಭೆಯಲ್ಲಿ ನಮ್ಮ ಮನೆಯ ಸಾಕ್ಷಿಯೇ ದೊಡ್ಡದೆಂದು ನನಗೆ ಜಂಬವಿತ್ತು. ಅವ್ವ ಮಾನ ಕಳೆಯುತ್ತಾಳಲ್ಲ ಎಂದು ಮೈ ಉರಿಯಿತು. ಅವಳ ಕೈ ಹಿಡಿದು ರವಿಕೆಯ ತೋಳನ್ನು ಮೇಲಕ್ಕೆ ಎಳೆದೆ. ಹೊಲಿಗೆ ಕಿತ್ತುಬಂತು. ಅವಳ ಕೈಯನ್ನು ನಾನೇ ಎತ್ತಿ ಹಿಡಿದೆ. ಸ್ತೋತ್ರ ತಗಡು ಮುಟ್ಟಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನು. ಅತಿಥಿಗಳು ಫೋಟೊ ತೆಗೆದುಕೊಂಡರು. ಅಪ್ಪ ನನ್ನ ತಲೆ ಸವರಿದ.

ಮನೆಗೆ ಬಂದು ಅವ್ವ ರವಿಕೆ ಹೊಲಿದುಕೊಂಡಳು.

ದೊಡ್ಡವಳಾಗಿ, ಭೇರ್ಯದ ಕಡೆ ಮದುವೆಯಾಗಿ ಹೋದ ಮೇಲೆ ನನಗೆ ಬುದ್ಧಿ ಬಂತು. ಬಂದದ್ದೆಲ್ಲ ಅಪ್ಪನ ಮೇಲಿನ ಸಿಟ್ಟಾಗಿಯೇ ಬಂತು. ಒಮ್ಮೆ ಎದುರಿಗೇ ಕೇಳಿದೆ: "ಅವ್ವನ ಹತ್ರ ತಪ್ಪಾಯ್ತು ಅಂದ್ರೆ ನಿನ್ನ ಗಂಟೇನ್ ಹೋಯ್ತದೆ?"

"ದೇವ್ರೇ ಕ್ಷಮ್ಸವ್ನೆ. ದೇವ್ರಿಗಿಂತ ದೊಡ್ಡೋಳಾ ನಿಮ್ಮವ್ವ?" ಎಂದ.

ಸುಟ್ಟದ್ದು ಅವ್ವನನ್ನು, ಕ್ಷಮೆ ಪಡೆದದ್ದು ದೇವರಿಂದ. ನಡುವೆ ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಬಿಡುಗಡೆಯಾಗಿತ್ತು. ಒಂದು ವರ್ಷ ನಾನು ಅಪ್ಪನ ಜೊತೆ ಮಾತು ಬಿಟ್ಟೆ.

ಹೋದ ವರ್ಷ ಅಪ್ಪ ತೀರಿಕೊಂಡ. ಮೂರನೆಯ ದಿನ ಮಂದಿರದಲ್ಲಿ ಆದರಣೆಯ ಪ್ರಾರ್ಥನೆ ಇಟ್ಟಿದ್ದರು. ಸಭೆಯ ಹಿರಿಯರೊಬ್ಬರು ಅಪ್ಪನ ಸಾಕ್ಷಿಯನ್ನು ನೆನೆದು, "ಕೊನೇ ಸಲ ಆ ಕೈ ತೋರ್ಸಿಬುಡವ್ವ" ಎಂದು ಅವ್ವನನ್ನು ಕೇಳಿದರು. ನನಗೆ ತಡೆಯಲಾಗಲಿಲ್ಲ. ಎದ್ದು ಅವ್ವನ ತೋಳನ್ನು ಗಟ್ಟಿಯಾಗಿ ಮುಚ್ಚಿ ಹಿಡಿದು, "ತೋರ್ಸಲ್ಲ!" ಎಂದು ಕಿರುಚಿದೆ. "ಸಾಯೋಗಂಟ ಅವಳತ್ರ ಒಂದ್ ತಪ್ಪಾಯ್ತು ಅನ್ನಲಿಲ್ಲ ನಮ್ಮಪ್ಪ. ನೀವ್ಯಾರೂ ಅನ್ಸಲೂ ಇಲ್ಲ." ದೊಡ್ಡ ನ್ಯಾಯ ಮಾಡಿದವಳಂತೆ ಅವ್ವನ ಮುಖ ನೋಡಿದೆ.

ಅವ್ವ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನನಗೊಬ್ಬಳಿಗೇ ಕೇಳುವಂತೆ, "ಕೈ ತಗಿ ಮಗ. ನಿಮ್ಮಪ್ಪ ತೋರ್ಸು ಅಂತ ಬಾಯಲ್ಲಿ ಅಂದ್ರು ಅಷ್ಟೆ. ರವಿಕೆ ಕಿತ್ತೋಳು ನೀನು. ನೀನು ಯಾವತ್ತು ನನ್ನತ್ರ ತಪ್ಪಾಯ್ತು ಅಂದೆ?" ಎಂದಳು.

ನಾನು ಕೂತೆ. ಯಾರೋ ಹಾಡು ಎತ್ತಿಕೊಂಡರು. ಅವ್ವನೂ ಹಾಡಿದಳು.

ಇದಾಗಿ ವರ್ಷವಾಗುತ್ತ ಬಂತು. ದೇವರ ಹತ್ತಿರ ಎಷ್ಟೋ ಸಲ ಕ್ಷಮೆ ಕೇಳಿಕೊಂಡಿದ್ದೇನೆ. ಅವ್ವನ ಹತ್ತಿರ ಕೇಳಲು ಇನ್ನೂ ಬಾಯಿ ಬಂದಿಲ್ಲ.