ಬಲಗಡೆಯ ಬಿಸಿಲು

ಸಿಂದಗಿಯಿಂದ ಇಂಡಿಗೆ ಮುಂಜಾನೆ ಹೋಗುವಾಗ ಬಿಸಿಲು ಬಲಗಡೆ ಬೀಳುತ್ತದೆ. ಸಂಜೆ ಮರಳುವಾಗಲೂ ಬಲಕ್ಕೇ. ಆ ಬಸ್ಸಿನ ಡ್ರೈವರನ ಬಲಗೈ ಸದಾ ಕಿಟಕಿಯ ಮೇಲೆ. ಅವನ ಹಿಂದಿನ ಕಿಟಕಿ ಸೀಟು, ಇಂಡಿಯ ಸಾಲಿ ಮಾಸ್ತರನಾದ ನನ್ನದು, ವರ್ಷಗಳಿಂದ. "ಕೈ ಸುಡೂದಿಲ್ಲೇನು?" ಎಂದರೆ ನಗುತ್ತಿದ್ದ. "ಬಿಸಲು ನಮ್ಮ ಮನಿ ಮಂದಿರಿ, ಏನ್ ಮಾಡತೈತಿ?"

ವಯಸ್ಸಾದಂತೆ ಆ ಕೈ ತುಂಬುತೋಳಿನ ಅಂಗಿಯೊಳಗೆ ಸೇರಿತು. ಆ ಮಾತೂ ನಿಂತಿತು.

ಹೋದ ದೀಪಾವಳಿಯ ಹೊತ್ತಿಗೆ, ಇಂಡಿ ಸ್ಟ್ಯಾಂಡಿನಲ್ಲಿ, ಅವನು ಎರಡೂ ತೋಳೇರಿಸಿ ಕೈಗಳನ್ನು ಪಕ್ಕಪಕ್ಕ ಹಿಡಿದು ತೋರಿಸಿದ. ಎಡಗೈ ಅವನದು, ಬಲಗೈ ಅವನಪ್ಪನದು ಅನ್ನಬೇಕು, ಅಷ್ಟು ಮುಪ್ಪು. ತೊಗಲು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಆ ಬಲಗೈ ನಡುವೆ ಕಡಲೆಕಾಳಿನಷ್ಟು ಹುಣ್ಣು.

"ಮೊದಲ ಎಷ್ಟ ಸುಟ್ಟರೂ ನಾಕ ದಿನಕ್ಕ ಹೋಗ್ತಿತ್ರಿ. ಇದು ಆರು ತಿಂಗಳಾತು, ಮಾಯವಲ್ದು. ನಾಳೆ ಬಿಜಾಪುರದಾಗ ತೋರಸ್ತೇನಿ. ಡಾಕ್ಟರ ಏನಂತಾರೋ, ಅಂಜಿಕಿ ಬರಾಕತ್ತೈತ್ರಿ."

ಧೈರ್ಯ ಹೇಳಲು ಬಾಯಿ ತೆರೆದೆ. ಅವನು ನನ್ನ ಬಲಗೆನ್ನೆಯನ್ನೇ ನೋಡುತ್ತಿದ್ದ.

"ಮಾಸ್ತರ, ಅದು ಯಾವಾಗಿಂದ ಐತ್ರಿ?"

"ದಾಡಿ ಮಾಡುವಾಗ ಬ್ಲೇಡು ತಾಕೇತಿ," ಎಂದೆ.

ಮನೆಯಲ್ಲಿ ಕೇಳಿದವರಿಗೂ ಅದನ್ನೇ ಹೇಳುತ್ತಿದ್ದೆ, ಯುಗಾದಿಯಿಂದ.